ಮುಖ ಅಚ್ಚಾಗಲಿ, ಬೆನ್ನು ಬೇಡ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮ್ಯಾಜಿಕ್, ಪೋಕೆಮಾನ್ ಎಂಬ ಆಟಗಳ ಕಾರ್ಡುಗಳ ಬಗ್ಗೆ ಬಂದ ಲೇಖನ ಓದಿದೆ. ಆ ಕಾರ್ಡುಗಳನ್ನು ಚಿನ್ನ, ಸೈಟುಗಳ ಸಾಲಿಗೆ ಸೇರಿಸಿ ಹೊಸ ತಲೆಮಾರಿನ ಹೂಡಿಕೆ ಎಂದು ಹೊಗಳಿದ್ದೀರಿ. ಅಸಲಿ ಕಾರ್ಡು ಕೊಳ್ಳಲಾಗದೆ ಅದರ ನಕಲನ್ನು, ಅಂದರೆ ಪ್ರಾಕ್ಸಿಯನ್ನು, ಇಟ್ಟುಕೊಂಡು ಆಡುವವರು ಕಳ್ಳನೋಟು ಚಲಾಯಿಸುವವರಿಗೆ ಸಮ ಎಂದು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀರಿ. ಮೊದಲನೆಯ ಮಾತಿಗೆ ಆಮೇಲೆ ಬರುತ್ತೇನೆ. ಎರಡನೆಯದು ಶುದ್ಧ ತಪ್ಪು.

ನಾನು ಕಾಟನ್‌ಪೇಟೆಯಲ್ಲಿ ಆಫ್‌ಸೆಟ್ ಪ್ರೆಸ್ ನಡೆಸುವವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಊದುಬತ್ತಿ ಡಬ್ಬಿ ನಮ್ಮ ಅನ್ನ. ಮ್ಯಾಜಿಕ್ ಆಟವನ್ನು ಮಗಳ ಕಾಟಕ್ಕೆ ಕಲಿತದ್ದು. ಅವಳು ಕೆಲಸಕ್ಕೆಂದು ಪುಣೆಗೆ ಹೋದಳು, ಆಟ ನನಗೆ ಅಂಟಿಕೊಂಡು ಉಳಿಯಿತು. ಭಾನುವಾರ ಮಧ್ಯಾಹ್ನ ಜಯನಗರದ ಒಂದು ಕೆಫೆಯ ಮಹಡಿಯಲ್ಲಿ ನನ್ನ ಅರ್ಧ ವಯಸ್ಸಿನವರ ಜೊತೆ ಕೂತು ಆಡುತ್ತೇನೆ. ಅಲ್ಲಿ ಆಟಕ್ಕಿಂತ ವಾದವೇ ಹೆಚ್ಚು. ವಾದಗಳಲ್ಲೆಲ್ಲ ದೊಡ್ಡದು ಈ ಪ್ರಾಕ್ಸಿಯದೇ.

ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತದ ಮೇಷ್ಟ್ರು ರೂಪಿಸಿದ ಆಟ ಈ ಮ್ಯಾಜಿಕ್. 1993ರ ಆಗಸ್ಟ್‌ನಲ್ಲಿ ಅಮೆರಿಕದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಮಾರುಕಟ್ಟೆಗೆ ತಂದಿತು. ಇಸ್ಪೀಟಿನಲ್ಲಿ ಎಲ್ಲರ ಕೈಗೂ ಒಂದೇ ಕಟ್ಟು. ಇಲ್ಲಿ ಅವರವರ ಕಟ್ಟು ಅವರವರೇ ಕಟ್ಟಿಕೊಂಡು ಬರಬೇಕು. ಕಾರ್ಡುಗಳು ಮುಚ್ಚಿದ ಪ್ಯಾಕಿನಲ್ಲಿ ಬರುತ್ತವೆ, ಒಳಗೆ ಏನಿದೆ ಎಂದು ಒಡೆಯುವ ತನಕ ತಿಳಿಯುವುದಿಲ್ಲ. ಒಂದು ಪ್ಯಾಕಿಗೆ ನೂರಾರು ರೂಪಾಯಿ ಆಗುತ್ತದೆ. ಹದಿನಾಲ್ಕು ಕಾರ್ಡು ಬರುತ್ತವೆ, ಅದರಲ್ಲಿ ಹತ್ತು ಮನೆಯ ಡ್ರಾಯರಿನಲ್ಲೇ ಕೊಳೆಯುತ್ತವೆ.

ಈಗ ಕಸುಬಿನವನಾಗಿ ಒಂದು ವಿಷಯ ಹೇಳಬೇಕು. ಆಟಗಾರರು ಅಪರೂಪದ ಕಾರ್ಡನ್ನು ನೆಲದಲ್ಲಿ ಸಿಕ್ಕ ನಿಧಿ ಎಂಬಂತೆ ನೋಡುತ್ತಾರೆ. ಆ ಅಪರೂಪ ಹುಟ್ಟುವುದು ಪ್ರೆಸ್ಸಿನಲ್ಲಿ. ಹಳೆಯ ಮ್ಯಾಜಿಕ್ ಕಾರ್ಡುಗಳನ್ನು ಬೆಲ್ಜಿಯಂನ ಕಾರ್ಟಾ ಮುಂಡಿ ಎಂಬ ಕಾರ್ಖಾನೆ ಅಚ್ಚು ಹಾಕಿತು. ಒಂದು ಶೀಟಿಗೆ ಅಡ್ಡ ಹನ್ನೊಂದು, ಉದ್ದ ಹನ್ನೊಂದು, ಒಟ್ಟು 121 ಕಾರ್ಡು. ಅಪರೂಪದ ಕಾರ್ಡಿನ ಶೀಟೂ ಸಾಮಾನ್ಯ ಕಾರ್ಡಿನ ಶೀಟೂ ಅದೇ ಬೋರ್ಡು, ಅದೇ ನಾಲ್ಕು ಬಣ್ಣದ ಇಂಕು. ಪ್ಯಾಕಿಗೆ ಎಷ್ಟು ಹಾಕಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಆಲ್ಫಾ ಎಂದು ಕರೆಯುವ ಮೊದಲ ಮುದ್ರಣದಲ್ಲಿ ಒಟ್ಟು 26 ಲಕ್ಷ ಕಾರ್ಡು ಹೊರಬಿದ್ದವು. ಅದರಲ್ಲಿ ಬ್ಲ್ಯಾಕ್ ಲೋಟಸ್‌ನಂಥ ಅಪರೂಪದ ಕಾರ್ಡು ತಲಾ 1,100ರಷ್ಟು. ತಮಾಷೆಯೆಂದರೆ ಆ ಅಪರೂಪದ ಶೀಟಿನಲ್ಲೇ ಕೆಲವು ಕಡೆ ಐಲ್ಯಾಂಡ್ ಎಂಬ ಮಾಮೂಲಿ ಕಾರ್ಡು ಕೂತಿತ್ತು. ಆಸೆಯಿಂದ ಪ್ಯಾಕು ಒಡೆದವನಿಗೆ ಅಪರೂಪದ ಜಾಗದಲ್ಲಿ ಸಿಕ್ಕಿದ್ದು ಬರೀ ಒಂದು ದ್ವೀಪ! (ನಮ್ಮಲ್ಲಿ ಶೀಟಿನ ಮೂಲೆ ಉಳಿದರೆ ಯಾರದೋ ವಿಸಿಟಿಂಗ್ ಕಾರ್ಡು ತೂರಿಸುತ್ತೇವೆ.)

ಆ ಬ್ಲ್ಯಾಕ್ ಲೋಟಸ್‌ನ ಒಂದು ಪ್ರತಿ 2021ರ ಹರಾಜಿನಲ್ಲಿ 5,11,100 ಡಾಲರಿಗೆ ಹೋಯಿತು. 2024ರಲ್ಲಿ ಇನ್ನೊಂದು ಪ್ರತಿ 30 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ನಿಮ್ಮ ಲೇಖನದಲ್ಲಿ ಈ ಮೊತ್ತ ದಪ್ಪಕ್ಷರದಲ್ಲಿದೆ. ಬೇಡಿಕೆ ಇದ್ದರೆ ಮತ್ತೆ ಅಚ್ಚು ಹಾಕಬಹುದಲ್ಲ, ಪ್ರೆಸ್ಸೇನು ಮುಚ್ಚಿಹೋಗಿದೆಯೇ ಎಂದು ಓದುಗರು ಕೇಳಿಯಾರು. ಹಾಕಿದ್ದರು. 1995ರಲ್ಲಿ ಕ್ರಾನಿಕಲ್ಸ್ ಎಂಬ ಸಂಚಿಕೆಯಲ್ಲಿ ಹಳೆಯ ಕಾರ್ಡುಗಳನ್ನು ಮತ್ತೆ ಮುದ್ರಿಸಿದಾಗ, ಕೂಡಿಟ್ಟುಕೊಂಡಿದ್ದವರು ರೊಚ್ಚಿಗೆದ್ದರು. ಮರುವರ್ಷ ಕಂಪನಿ ಒಂದು ಪಟ್ಟಿ ಹೊರಡಿಸಿ, ಇದರಲ್ಲಿರುವ ಕಾರ್ಡುಗಳನ್ನು ಇನ್ನೆಂದೂ ಮುದ್ರಿಸುವುದಿಲ್ಲ ಎಂದು ಮಾತು ಕೊಟ್ಟಿತು. ಅದೇ ರಿಸರ್ವ್ಡ್ ಲಿಸ್ಟ್. ಅದರಲ್ಲಿ ಐನೂರಕ್ಕೂ ಹೆಚ್ಚು ಕಾರ್ಡುಗಳಿವೆ. 2010ರಲ್ಲಿ ಆ ಮಾತನ್ನು ಇನ್ನಷ್ಟು ಬಿಗಿ ಮಾಡಿದರು. ಹೀಗೆ 1996ರಲ್ಲಿ ಕೂಡಿಟ್ಟವರಿಗೆ ಕೊಟ್ಟ ಮಾತಿಗೆ ಇವತ್ತು ಹತ್ತೊಂಬತ್ತರ ಹುಡುಗ ದಂಡ ಕಟ್ಟಬೇಕು. ಅವನು ಆಗ ಹುಟ್ಟಿಯೇ ಇರಲಿಲ್ಲ.

ಆ ಹುಡುಗ ಮಾಡುವುದಾದರೂ ಏನು? ಮನೆಯ ಪ್ರಿಂಟರಿನಲ್ಲಿ ಮಾಮೂಲಿ ಕಾಗದದ ಮೇಲೆ ಕಾರ್ಡಿನ ಚಿತ್ರ ತೆಗೆದು, 63 ಮಿ.ಮೀ. ಅಗಲ, 88 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಕಾರ್ಡು ಹಾಕಿಡುವ ಪ್ಲಾಸ್ಟಿಕ್ ಸ್ಲೀವಿನೊಳಗೆ ಒಂದು ಅಗ್ಗದ ಅಸಲಿ ಕಾರ್ಡಿನ ಮುಂದೆ ತೂರಿಸುತ್ತಾನೆ. ಕೆಲವರು ಅದಕ್ಕೂ ಬೇಸತ್ತು ಅಗ್ಗದ ಕಾರ್ಡಿನ ಮೇಲೆ ಮಾರ್ಕರಿನಲ್ಲಿ ಹೆಸರು ಗೀಚುತ್ತಾರೆ. ಇದನ್ನು ನೋಡಿ ಯಾರೂ ಅಸಲಿ ಎಂದು ಮೋಸಹೋಗಲಾರರು. 2016ರಲ್ಲಿ ಕಂಪನಿಯೇ ಹೇಳಿದೆ: ಅಧಿಕೃತ ಟೂರ್ನಮೆಂಟಿನಲ್ಲಿ ಅಸಲಿ ಕಾರ್ಡೇ ಆಗಬೇಕು; ಮನೆ-ಗೆಳೆಯರ ಆಟದಲ್ಲಿ, ವ್ಯಾಪಾರವಿಲ್ಲದೆ, ಆಡಿ ನೋಡಲು ಸ್ವಂತಕ್ಕೆ ಮಾಡಿಕೊಂಡ ಕಾರ್ಡಿನ ಮೇಲೆ ತಾನು ಕಣ್ಣಿಡುವುದಿಲ್ಲ. ಕಂಪನಿಗಿಲ್ಲದ ಕೋಪ ನಮಗೇಕೆ?

ಅದಕ್ಕೂ ಮಿಗಿಲಾಗಿ, 2022ರಲ್ಲಿ ಆಟಕ್ಕೆ ಮೂವತ್ತು ತುಂಬುವ ನೆಪದಲ್ಲಿ ಕಂಪನಿ ತಾನೇ ಹಳೆಯ ಕಾರ್ಡುಗಳ ನಕಲು ಮುದ್ರಿಸಿ ಮಾರಿತು. ನಾಲ್ಕು ಪ್ಯಾಕು, ಅರುವತ್ತು ಕಾರ್ಡು, 999 ಡಾಲರ್. ಆಗಿನ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿ ದಾಟುತ್ತಿತ್ತು. ಬೆನ್ನಿನ ವಿನ್ಯಾಸ ಬೇರೆ, ಅಧಿಕೃತ ಟೂರ್ನಮೆಂಟಿಗೆ ನಡೆಯುವುದಿಲ್ಲ. ಯಾವ ಕಾರ್ಡು ಸಿಗುತ್ತದೆ ಎಂಬುದೂ ಅದೃಷ್ಟ. ಒಂದು ಕಾರ್ಡಿಗೆ ಸಾವಿರದ ಮುನ್ನೂರು ರೂಪಾಯಿಯ ಮೇಲೆ ಬಿತ್ತು. ಬೋರ್ಡು, ಇಂಕು, ಪಂಚಿಂಗ್ ಎಲ್ಲ ಸೇರಿ ಅದರ ತಯಾರಿಕೆಗೆ ಎಷ್ಟು ತಗಲುತ್ತದೆ ಎಂದು ನನ್ನಂಥವನನ್ನು ಕೇಳಬೇಡಿ, ಹೊಟ್ಟೆ ಉರಿಯುತ್ತದೆ. ನಮ್ಮ ಮಹಡಿಯಲ್ಲಿ ಪ್ರಾಕ್ಸಿಯನ್ನು ಕಟುವಾಗಿ ವಿರೋಧಿಸುತ್ತಿದ್ದ ಒಬ್ಬರು ಆ ಸುದ್ದಿ ಬಂದ ಮೇಲೆ ಒಂದು ತಿಂಗಳು ಆ ವಿಷಯಕ್ಕೇ ಬರಲಿಲ್ಲ.

ಆ ವಿರೋಧಿಗಳನ್ನು ನಾನು ಲಘುವಾಗಿ ತೆಗೆದುಕೊಂಡಿಲ್ಲ. “ನಾನು ವರ್ಷಗಟ್ಟಲೆ ದುಡ್ಡು ಸುರಿದಿದ್ದೇನೆ, ಇವನು ಜೆರಾಕ್ಸ್ ತಂದು ನನ್ನ ಎದುರು ಕೂರುತ್ತಾನೆ” ಎಂಬ ವಾದ ನನಗೆ ನಾಟುವುದಿಲ್ಲ. ಅದು ಆಟದ ಮಾತಲ್ಲ, ದುಡ್ಡಿನ ಮಾತು. ನಾಟುವ ವಾದ ಇನ್ನೊಂದಿದೆ. ನಮ್ಮಲ್ಲಿ ಹೆಚ್ಚಾಗಿ ಆಡುವುದು ಕಮಾಂಡರ್ ಎಂಬ ಬಗೆ. ನಾಲ್ಕು ಜನ, ತಲಾ ನೂರು ಕಾರ್ಡು, ಐಲ್ಯಾಂಡ್‌ನಂಥ ಮಾಮೂಲಿ ಭೂಮಿ ಕಾರ್ಡು ಬಿಟ್ಟರೆ ಒಂದು ಕಾರ್ಡು ಒಂದೇ ಸಲ. ಪ್ರಾಕ್ಸಿಗೆ ಮಿತಿ ಇಲ್ಲವೆಂದರೆ ಎಲ್ಲರೂ ಅತಿ ಬಲಿಷ್ಠ ಕಾರ್ಡುಗಳನ್ನೇ ತುಂಬಿಕೊಂಡು ಬರುತ್ತಾರೆ, ಎಲ್ಲರ ಕಟ್ಟೂ ಒಂದೇ ಥರ ಆಗುತ್ತದೆ, ಮೂರನೆಯ ಸುತ್ತಿಗೇ ಆಟ ಮುಗಿಯುತ್ತದೆ ಎನ್ನುತ್ತಾರೆ ಮಲ್ಲೇಶ್ವರದ ಮೇಡಂ ಒಬ್ಬರು. ಕೈಯಲ್ಲಿ ದುಡ್ಡಿಲ್ಲದಿದ್ದಾಗ ಸಿಕ್ಕಿದ್ದರಲ್ಲೇ ಕಟ್ಟಿದ ಕಟ್ಟುಗಳೇ ಚೆನ್ನಾಗಿರುತ್ತವೆ ಎಂಬುದೂ ಅವರದೇ ಮಾತು, ಅದು ನಿಜ ಕೂಡ. ಆದರೆ ಅದಕ್ಕೆ ಮದ್ದು ಆಟಕ್ಕೆ ಮುಂಚೆ ಮಾತಾಡಿಕೊಳ್ಳುವುದು. ಅಸಲಿಯೇ ಕಡ್ಡಾಯ ಮಾಡಿದರೆ ಬಲಿಷ್ಠ ಕಟ್ಟು ಮಾಯವಾಗುವುದಿಲ್ಲ, ದುಡ್ಡಿರುವ ಒಬ್ಬನ ಕೈಯಲ್ಲಿ ಮಾತ್ರ ಉಳಿಯುತ್ತದೆ.

ಇನ್ನು ಕಳ್ಳನೋಟಿನ ವಿಷಯ. ಅದು ಇದೆ, ಆದರೆ ನೀವು ಬೆರಳು ತೋರಿಸಿದ ಜಾಗದಲ್ಲಿಲ್ಲ. ಕೆಲವು ತಿಂಗಳ ಹಿಂದೆ ಒಬ್ಬ ಹುಡುಗ ಪೆನ್‌ಡ್ರೈವ್ ಹಿಡಿದು ಪ್ರೆಸ್ಸಿಗೆ ಬಂದ. ಒಳ್ಳೆಯ ಬೋರ್ಡಿನಲ್ಲಿ ಮುಂದೆ-ಹಿಂದೆ ಎರಡೂ ಕಡೆ ಮುದ್ರಿಸಿ ಪಂಚ್ ಮಾಡಿಕೊಡಬೇಕಂತೆ. ದುಡ್ಡಿಗೆ ಮಾಡಿದರೆ 1957ರ ಹಕ್ಕುಸ್ವಾಮ್ಯ ಕಾಯ್ದೆ ನನ್ನ ಬಾಗಿಲಿಗೇ ಬರುತ್ತದಪ್ಪ, ಮನೆಯಲ್ಲಿ ಮುಂದಿನದಷ್ಟು ತೆಗೆದುಕೋ, ಸ್ಲೀವಿಗೆ ಹಾಕಿಕೊಂಡು ಆಡು, ಬೆನ್ನು ಯಾಕೆ ಬೇಕು ಎಂದೆ. “ಬೆನ್ನು ಇಲ್ದೆ ಇದ್ರೆ ಫೀಲ್ ಬರಲ್ಲ ಅಂಕಲ್” ಎಂದ. ಸ್ಲೀವಿನ ಹಿಂಭಾಗ ಕಪ್ಪಗಿರುತ್ತದೆ, ಆಡುವಾಗ ಕಾರ್ಡಿನ ಬೆನ್ನು ಯಾರಿಗೂ ಕಾಣುವುದೇ ಇಲ್ಲ. ಅದು ಕಾಣಿಸುವುದು ಒಂದೇ ಹೊತ್ತಿನಲ್ಲಿ, ಸ್ಲೀವಿನಿಂದ ಹೊರತೆಗೆದು ಇನ್ನೊಬ್ಬನ ಕೈಗೆ ಮಾರುವಾಗ. ಆ ಹುಡುಗನಿಗೆ ಆ ಉದ್ದೇಶ ಇತ್ತು ಎನ್ನಲಾರೆ. ಆದರೆ ಕಾರ್ಡು ಒಬ್ಬನ ಹತ್ತಿರವೇ ನಿಲ್ಲುವುದಿಲ್ಲ. ಅವನು ಆಟ ಬಿಡುತ್ತಾನೆ, ಡಬ್ಬಿ ತಮ್ಮನಿಗೆ ಹೋಗುತ್ತದೆ, ತಮ್ಮ ಅದನ್ನು ಯಾರಿಗೋ ಮಾರುತ್ತಾನೆ.

ಹಾಗಾಗಿ ನನ್ನ ಗೆರೆ ಇಷ್ಟೇ. ಮುಂದೆ ಏನನ್ನಾದರೂ ಅಂಟಿಸಿಕೊಳ್ಳಿ, ನಿಮ್ಮ ನಾಯಿಯ ಫೋಟೋ ಆದರೂ ಸರಿ. ಅಸಲಿ ಬೆನ್ನನ್ನು ಮಾತ್ರ ಮುದ್ರಿಸಬೇಡಿ. ಕಂಪನಿ ಕೂಡ 999 ಡಾಲರಿನ ತನ್ನ ನಕಲಿಗೆ ಬೇರೆ ಬೆನ್ನು ಹಾಕಿದ್ದು ಇದೇ ಕಾರಣಕ್ಕೆ ಎಂದು ನನ್ನ ಎಣಿಕೆ.

ಕೊಳ್ಳುವವರಿಗೆ ನಮ್ಮ ಕಸುಬಿನ ಕಣ್ಣು ಸ್ವಲ್ಪ ಎರವಲು ಕೊಡುತ್ತೇನೆ. ಪ್ರೆಸ್ಸಿನವರು ಚುಕ್ಕಿ ನೋಡುವ ಲೆನ್ಸು ಅವೆನ್ಯೂ ರಸ್ತೆಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಅಸಲಿ ಕಾರ್ಡಿನ ಚಿತ್ರವನ್ನು ಅದರಲ್ಲಿ ನೋಡಿದರೆ ನಾಲ್ಕು ಬಣ್ಣದ ಚುಕ್ಕಿಗಳು ಸಣ್ಣ ಹೂವಿನಂತೆ ಗುಂಪುಗಟ್ಟಿರುತ್ತವೆ, ಕಪ್ಪು ಅಕ್ಷರ ಮಾತ್ರ ಗಟ್ಟಿ ಕಪ್ಪಾಗಿ, ಅಂಚು ಚೂಪಾಗಿರುತ್ತದೆ. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿನಲ್ಲಿ ಅಕ್ಷರವೂ ಚುಕ್ಕಿಯಾಗಿ ಒಡೆದಿರುತ್ತದೆ. ಬೆನ್ನಿನ ಮೇಲೆ ಐದು ಬಣ್ಣದ ಬೊಟ್ಟುಗಳಿವೆಯಲ್ಲ, ಅದರಲ್ಲಿ ಹಸಿರು ಬೊಟ್ಟಿನೊಳಗೆ ನಾಲ್ಕು ಕೆಂಪು ಚುಕ್ಕಿ ಇಂಗ್ಲಿಷಿನ ಎಲ್ ಅಕ್ಷರದಂತೆ ಕೂತಿರುತ್ತವೆ. ಎರಡು ಹಾಳೆಯ ನಡುವೆ ನೀಲಿ ಪದರವಿದೆ, ಆದರೆ ಅದನ್ನು ನೋಡಲು ಕಾರ್ಡು ಹರಿಯಬೇಕು. ನಮ್ಮವರು ಯಾರೂ ಒಪ್ಪಲಿಲ್ಲ.

ದೊಡ್ಡವರೂ ಮೋಸಹೋಗುತ್ತಾರೆ. ಪೋಕೆಮಾನ್ ಕಾರ್ಡು ಹುಟ್ಟಿದ 1996ರ ಸುಮಾರಿನ ಮಾದರಿ ಪ್ರತಿಗಳೆಂದು ಕೆಲವು ಕಾರ್ಡುಗಳು ಭಾರಿ ಬೆಲೆಗೆ ಹೋಗುತ್ತಿದ್ದವು. ಅಸಲಿಯೆಂದು ದೃಢೀಕರಿಸುವ ಕಂಪನಿಯೇ ಅವನ್ನು ಡಬ್ಬಿಯಲ್ಲಿ ಹಾಕಿ ಮೊಹರು ಹೊಡೆದಿತ್ತು. 2025ರ ಮೊದಲಲ್ಲಿ ಕೆಲವು ಹವ್ಯಾಸಿಗಳು ಅವುಗಳ ಮೇಲೆ ಕಣ್ಣಿಗೆ ಕಾಣದ ಹಳದಿ ಚುಕ್ಕಿಗಳನ್ನು ಕಂಡುಹಿಡಿದರು. ಅನೇಕ ಕಲರ್ ಲೇಸರ್ ಪ್ರಿಂಟರುಗಳು ತಮ್ಮ ಗುರುತು ಮತ್ತು ಮುದ್ರಿಸಿದ ದಿನಾಂಕವನ್ನು ಹೀಗೆ ಬಿಟ್ಟುಹೋಗುತ್ತವೆ. ಚುಕ್ಕಿ ಓದಿದರೆ ಕೆಲವು ಪ್ರತಿಗಳ ಮುದ್ರಣದ ವರ್ಷ 2024! ನಮ್ಮೂರಿನ ಸ್ಟೇಷನರಿ ಅಂಗಡಿಗಳಲ್ಲಿ ನೇತುಹಾಕಿರುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಪೋಕೆಮಾನ್ ಕಾರ್ಡುಗಳ ಪೊಟ್ಟಣವನ್ನು ಪರೀಕ್ಷಿಸಲು ಲೆನ್ಸು ಕೂಡ ಬೇಡ, ಎಲ್ಲವೂ ನಕಲಿ. ಮಕ್ಕಳು ಆಡಿಕೊಳ್ಳಲಿ, ಅಡ್ಡಿಯಿಲ್ಲ. ‘ಅಪರೂಪ’ ಎಂದು ಹೇಳಿ ಅದಕ್ಕೆ ಸಾವಿರ ಕೇಳುವ ಅಂಗಡಿಯಿಂದ ಮಾತ್ರ ಎದ್ದುಬನ್ನಿ.

ಹೂಡಿಕೆಯ ಮಾತು ಬಾಕಿ ಇದೆ. 2024ರ ಸೆಪ್ಟೆಂಬರ್ 23ರಂದು ಕಮಾಂಡರ್ ಆಟದ ನಿಯಮ ಸಮಿತಿ ನಾಲ್ಕು ಕಾರ್ಡುಗಳನ್ನು ನಿಷೇಧಿಸಿತು. ಸಮಿತಿಯವರು ಸಂಬಳವಿಲ್ಲದ ಸ್ವಯಂಸೇವಕರಾಗಿದ್ದರು. ನಿಷೇಧವಾದ ಕಾರ್ಡುಗಳಲ್ಲಿ ಮಾನಾ ಕ್ರಿಪ್ಟ್ ಒಂದು. 1995ರಲ್ಲಿ ಕಾದಂಬರಿಯ ಜೊತೆಗಿದ್ದ ಕೂಪನ್ ಅಂಚೆಗೆ ಹಾಕಿದವರಿಗೆ ಕಳಿಸಿಕೊಟ್ಟ ಕಾರ್ಡು ಅದು, ಬರುಬರುತ್ತಾ ನೂರು ಡಾಲರಿನ ಮೇಲಕ್ಕೇರಿತ್ತು. ನಿಷೇಧದ ಬೆನ್ನಿಗೇ ಬೆಲೆ ಬಿತ್ತು. ಸಮಿತಿಯವರಿಗೆ ಬೆದರಿಕೆಗಳು ಬಂದವು. ವಾರ ಕಳೆಯುವಷ್ಟರಲ್ಲಿ ಅವರು ಈ ಸಹವಾಸವೇ ಬೇಡವೆಂದು ಆಟದ ಉಸ್ತುವಾರಿಯನ್ನು ಕಂಪನಿಗೆ ಒಪ್ಪಿಸಿಬಿಟ್ಟರು. ಆ ನಿಷೇಧ ಸರಿಯೇ ಎಂದು ನಮ್ಮ ಮಹಡಿಯಲ್ಲಿ ಈಗಲೂ ಜಗಳವಿದೆ. ನನ್ನ ಪ್ರಕಾರ ಸರಿ, ಮೊದಲ ಸುತ್ತಿನಲ್ಲೇ ಅಷ್ಟು ಬಲ ಕೊಡುವ ಕಾರ್ಡು ಬಂದವನಿಗೆ ಅರ್ಧ ಗೆಲುವು ಬಂದ ಹಾಗೆ. ಆದರೆ ಬೆದರಿಕೆ ಹಾಕಿದವರು ಆಟ ಕೆಟ್ಟಿತೆಂದು ಹಾಕಿದರೋ, ಡಬ್ಬಿಯಲ್ಲಿದ್ದ ಬೆಲೆ ಇಳಿಯಿತೆಂದು ಹಾಕಿದರೋ, ನೀವೇ ಊಹಿಸಿ. ಪ್ರಾಕ್ಸಿ ಇಟ್ಟುಕೊಂಡು ಆಡುತ್ತಿದ್ದ ನಮ್ಮ ಹುಡುಗ ಅವತ್ತು ಸ್ಲೀವಿನಿಂದ ಒಂದು ಚೂರು ಕಾಗದ ತೆಗೆದು ಕಸದ ಬುಟ್ಟಿಗೆ ಹಾಕಿ, ಇನ್ನೊಂದು ಚೂರು ತೂರಿಸಿದ.

ಬೆಂಗಳೂರಿನಲ್ಲಿ ಈ ಆಟ ಆಡಿಸುವ ಅಂಗಡಿ, ಕೆಫೆಯವರಲ್ಲಿ ನನ್ನದೊಂದು ಕೋರಿಕೆ. ಪ್ರವೇಶ ಶುಲ್ಕ ತೆಗೆದುಕೊಳ್ಳುವ ಮುಂಚೆಯೇ, ಈ ದಿನದ ಆಟಕ್ಕೆ ಪ್ರಾಕ್ಸಿ ನಡೆಯುತ್ತದೆಯೋ ಇಲ್ಲವೋ, ನಡೆದರೆ ಎಷ್ಟು ಎಂಬುದನ್ನು ಬಾಗಿಲ ಬಳಿ ಬೋರ್ಡಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಹಾಕಿ. ಎರಡನೆಯ ಆಟದ ನಡುವೆ ಜಗಳ ತೆಗೆದು ಹೊಸಬರನ್ನು ಓಡಿಸುವುದು ನಮ್ಮ ಮಹಡಿಯಲ್ಲಿ ನಡೆದಿದೆ, ಬೇರೆ ಕಡೆಯೂ ನಡೆಯುತ್ತಿರಬೇಕು. ಬೋರ್ಡು ಬೇಕಾದವರು ಕಾಟನ್‌ಪೇಟೆಗೆ ಬರಲಿ. ಅದನ್ನು ಮುದ್ರಿಸಿಕೊಡಲು ನನಗೆ ಯಾವ ಕಾಯ್ದೆಯ ಭಯವೂ ಇಲ್ಲ.

ಇತಿ,
ಒಬ್ಬ ಮುದ್ರಕ
ಕಾಟನ್‌ಪೇಟೆ, ಬೆಂಗಳೂರು