ಸಂಪಾದಕೀಯ: ಉಷ್ಣವಲಯದ ಒಂದು ಅಡಿಕೆ ಪೇಟೆ

ಈ ಸಂಚಿಕೆಯ ಸಂಪಾದಕೀಯವು ದೀಪಾವಳಿಯ ಕುರಿತು ಇರಬೇಕೆಂದು ಸಮಿತಿಯ ಸಭೆಯಲ್ಲಿ ತೀರ್ಮಾನವಾಗಿತ್ತು. ಆದರೆ ಪುಟಗಳು ಅಚ್ಚಿಗೆ ಹೋಗಬೇಕಾದ ವಾರದಲ್ಲೇ ನಮ್ಮ ಸಂಘದ ಕನ್ನಡ ತರಗತಿಯ ಹುಡುಗಿಯೊಬ್ಬಳು ತನ್ನ ಶಾಲೆಯ ಭೂಗೋಳದ ಹೋಂವರ್ಕ್ ಹಿಡಿದುಕೊಂಡು ನನ್ನ ಬಳಿ ಬಂದಳು. ಉಷ್ಣವಲಯದ ದೇಶವೊಂದರ ಸಣ್ಣ ಕೃಷಿನಗರವನ್ನು ಆರಿಸಿ, ಅದರ ಪರಿಚಯ ಬರೆಯಬೇಕಂತೆ. ಅವಳ ಅಜ್ಜನ ಮನೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಯಲ್ಲಿರುವುದರಿಂದ ಅವಳು ಶಿರಸಿಯನ್ನು ಆರಿಸಿದ್ದಳು. ಮುಖ್ಯ ಬೆಳೆ ಎಂಬಲ್ಲಿ ಅಡಿಕೆ ಎಂದು ಬರೆದವಳು ಪೆನ್ಸಿಲ್ ಕೆಳಗಿಟ್ಟು, "ಆಂಟಿ, ಅಡಿಕೆ ತಿಂದರೆ ಯಾರ ಹೊಟ್ಟೆಯೂ ತುಂಬುವುದಿಲ್ಲವಲ್ಲ, ಮತ್ತೆ ಅಷ್ಟು ದೊಡ್ಡ ಪೇಟೆ ಅದರಿಂದ ಹೇಗೆ ನಡೆಯುತ್ತದೆ?" ಎಂದು ಕೇಳಿದಳು. ದೀಪಾವಳಿ ಅಲ್ಲಿಗೇ ಹಿಂದೆ ಬಿತ್ತು. ಹಬ್ಬದ ಬಗ್ಗೆ ಓದಬೇಕೆಂದಿದ್ದವರು ದಯವಿಟ್ಟು ಮನ್ನಿಸಬೇಕು.

ಅವಳ ಕೋಷ್ಟಕ ತುಂಬಿಸುವುದು ಕಷ್ಟವಾಗಿರಲಿಲ್ಲ. ಶಿರಸಿ ಇರುವುದು ಭೂಮಧ್ಯರೇಖೆಯಿಂದ ಹದಿನಾಲ್ಕೂವರೆ ಡಿಗ್ರಿ ಉತ್ತರಕ್ಕೆ, ಸಹ್ಯಾದ್ರಿಯ ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ವರ್ಷಕ್ಕೆ 2,500 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಗರಸಭೆಯಿದೆ, ಅರಣ್ಯ ಕಾಲೇಜಿದೆ, ರೈಲಿಲ್ಲ. 2011ರ ಜನಗಣತಿಯಲ್ಲಿ ಜನಸಂಖ್ಯೆ 60,000ಕ್ಕೆ ತುಸು ಮೇಲಿತ್ತು. ಜಿಲ್ಲೆಯ ಕೇಂದ್ರ ಕಾರವಾರವಾದರೂ ಅದು ಘಟ್ಟದ ಕೆಳಗೆ, ಸಮುದ್ರದ ದಂಡೆಯಲ್ಲಿದೆ. ನಮ್ಮವರು ಸರಕಾರಿ ಕಾಗದಪತ್ರಕ್ಕೆ ಕಾರವಾರಕ್ಕೆ ಇಳಿಯುತ್ತಾರೆಯೇ ಹೊರತು, ಉಳಿದ ಸಕಲ ವ್ಯವಹಾರಗಳಿಗೂ ಶಿರಸಿಗೇ ಬರುತ್ತಾರೆ. 1862ರಲ್ಲಿ ಜಿಲ್ಲೆಯು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರವರೆಗೂ ಅಲ್ಲೇ ಇದ್ದುದರಿಂದ ಹಳಬರ ಮಾತಿನಲ್ಲಿ ಮುಂಬಯಿ ಎಂದೂ ದೂರದ ಊರಾಗಿರಲಿಲ್ಲ. ಹತ್ತಿರದ ಬನವಾಸಿಯ ಹೆಸರೆತ್ತಿದೊಡನೆ ಎಲ್ಲರೂ ಉದ್ಧರಿಸುವ ಆ ಸಾಲನ್ನು ಮಾತ್ರ ಇಲ್ಲಿ ಮತ್ತೊಮ್ಮೆ ಬರೆಯುವುದಿಲ್ಲ. ಕಳೆದ ರಾಜ್ಯೋತ್ಸವದಲ್ಲಿ ಮಾತನಾಡಿದವರೆಲ್ಲ ಅದನ್ನು ಹೇಳಿ ಮುಗಿಸಿದ್ದಾರೆ.

ಕೃಷಿನಗರ ಎಂದ ಮಾತ್ರಕ್ಕೆ ಪೇಟೆಯೊಳಗೆ ಗದ್ದೆ ತೋಟಗಳಿವೆಯೆಂದು ಆ ಹುಡುಗಿ ಭಾವಿಸಿದ್ದಳು. ಅಡಿಕೆ ಬೆಳೆಯುವುದು ಪೇಟೆಯಿಂದ ಹೊರಗೆ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ, ನೀರು ತಂಗುವ ಕಣಿವೆಗಳಲ್ಲಿ. ಆ ಗುಡ್ಡವೇ ಸೊಪ್ಪಿನಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು: ಬೆಟ್ಟದ ಸೊಪ್ಪು ಮತ್ತು ಉದುರಿದ ಎಲೆ ಕೊಟ್ಟಿಗೆಗೆ ಬರುತ್ತವೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತವೆ. ಮೇಲಿನ ಕಾಡು ಬೋಳಾದರೆ ಕೆಳಗಿನ ತೋಟದ ನೀರು ಬತ್ತುತ್ತದೆಂಬುದು ಅಲ್ಲಿಯವರಿಗೆ ಪುಸ್ತಕದಿಂದ ತಿಳಿದ ಸಂಗತಿಯಲ್ಲ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಾಡಿನಲ್ಲಿ ಹಳ್ಳಿಯವರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದದ್ದು, ಮುಂದೆ ಅದೇ ಅಪ್ಪಿಕೊ ಚಳವಳಿ ಎಂದು ಹೆಸರಾದದ್ದು ಈ ತಿಳಿವಳಿಕೆಯಿಂದಲೇ.

ಹಾಗಾದರೆ ಪೇಟೆಗೆ ಏನು ಕೆಲಸ? ಅಡಿಕೆಯನ್ನು ತೂಗುವುದು, ಕಾಯುವುದು, ಮಾರುವುದು. ಬೆಳೆಗಾರನಿಗೆ ಮಳೆಗಾಲದಲ್ಲಿ ಹಣ ಬೇಕು, ಫಸಲು ಕೈಗೆ ಬರುವುದು ಚಳಿಗಾಲ ಮುಗಿಯುವಾಗ. ಈ ನಡುವಿನ ತಿಂಗಳುಗಳಲ್ಲಿ ಯಾರು ಸಾಲ ಕೊಡುತ್ತಾರೋ ಅವರೇ ಅಡಿಕೆಯ ದರವನ್ನೂ ಹೇಳುತ್ತಾರೆ. ಹಿಂದೆ ಸಾಲ ಕೊಡುತ್ತಿದ್ದವರು ದಲಾಲರು. ಮರದಲ್ಲಿ ಅಡಿಕೆಯ ಗೊನೆ ಬಲಿಯುವ ಮೊದಲೇ ಅದು ಅವರ ಲೆಕ್ಕಕ್ಕೆ ಸೇರಿರುತ್ತಿತ್ತು. 1923ರಲ್ಲಿ ಬೆಳೆಗಾರರೇ ಕೂಡಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಕಟ್ಟಿಕೊಂಡ ಮೇಲೆ, ಸಾಲ ಕೊಡುವುದೂ ಮಾಲು ಮಾರಿಸಿಕೊಡುವುದೂ ತಮ್ಮದೇ ಸಂಸ್ಥೆಯ ಕೆಲಸವಾಯಿತು. ನನ್ನ ಮಟ್ಟಿಗೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಅಡಿಕೆ ಘಟ್ಟದ ಮೇಲೂ ಕೆಳಗೂ ಎಷ್ಟೋ ಕಡೆ ಬೆಳೆಯುತ್ತದೆ; ಮಾರದೆ ಕಾಯುವ ಶಕ್ತಿಯನ್ನು ಸಣ್ಣ ಹಿಡುವಳಿದಾರನಿಗೆ ಕೊಟ್ಟದ್ದು ಈ ಪೇಟೆ. ಶಿರಸಿಯ ಶಾಲೆ ಕಾಲೇಜುಗಳು, ಅಂಗಡಿಗಳು, ನಮ್ಮಂಥವರ ಇಂಜಿನಿಯರಿಂಗ್ ಶುಲ್ಕ ಮತ್ತು ವಿಮಾನದ ಟಿಕೆಟ್ಟು ಕೂಡ ಆ ಶಕ್ತಿಯಿಂದ ಹುಟ್ಟಿದವು.

ಅಡಿಕೆ ಕೊಯ್ಲಿನ ದಿನಗಳನ್ನು ನೆನೆದರೆ ಬರಹ ಉದ್ದವಾಗುತ್ತದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಕೊಯ್ಯುವ ಕೊನೆಗೌಡರು ಒಂದು ಮರದ ತುದಿಯಿಂದಲೇ ಇನ್ನೊಂದು ಮರಕ್ಕೆ ತೂಗಿ ದಾಟುತ್ತ ಇಳಿಸಿದ ಕೊನೆಗಳು ಸಂಜೆಯ ಹೊತ್ತಿಗೆ ಅಂಗಳಕ್ಕೆ ಬರುತ್ತಿದ್ದವು. ರಾತ್ರಿ ಊಟದ ನಂತರ ಸುತ್ತಲಿನ ಮನೆಗಳಿಂದ ಸುಲಿಯುವವರು ಬಂದು ಮೆಟ್ಟುಗತ್ತಿ ಹಾಕಿಕೊಂಡು ಕುಳಿತರೆ, ಹಸಿ ಸಿಪ್ಪೆಯ ಒಗರು ವಾಸನೆಯೂ ಊರಿನ ಅಷ್ಟೂ ಸುದ್ದಿಯೂ ಒಟ್ಟಿಗೇ ಹರಡುತ್ತಿದ್ದವು. ಯಕ್ಷಗಾನದ ಯಾವ ವೇಷಧಾರಿ ಯಾವ ಮೇಳ ಬಿಟ್ಟನೆಂಬುದರಿಂದ ಹಿಡಿದು ಯಾರ ಮಗಳಿಗೆ ಎಲ್ಲಿಂದ ಜಾತಕ ಬಂತೆಂಬುದರವರೆಗೆ ನಾನು ಕಲಿತದ್ದೆಲ್ಲ ಆ ಚಪ್ಪರದ ಕೆಳಗೆ. ಬೆಳಗ್ಗೆ ದೊಡ್ಡ ಹಂಡೆಯಲ್ಲಿ ನೀರಿಗೆ ಹಿಂದಿನ ಬಾರಿ ಅಡಿಕೆ ಬೇಯಿಸಿ ಉಳಿದ ರಸವಾದ ಚೊಗರನ್ನು ಬೆರೆಸಿ ಅಡಿಕೆ ಬೇಯಿಸುತ್ತಿದ್ದರು. ಕೆಂಪು ಬಣ್ಣ ಹದವಾಗಿ ಹಿಡಿಯಿತೋ ಇಲ್ಲವೋ ಎಂಬುದನ್ನು ಆಯಿ ಒಂದು ಅಡಿಕೆಯನ್ನು ಕತ್ತರಿಸಿ ಬೆಳಕಿಗೆ ಹಿಡಿದು ಹೇಳುತ್ತಿದ್ದಳು, ಆ ವಿಷಯದಲ್ಲಿ ಅಪ್ಪಯ್ಯ ಅವಳಿಗೆ ಎದುರು ಹೇಳಿದ್ದು ನನಗೆ ನೆನಪಿಲ್ಲ. ಹಣ್ಣಾದ ಮೇಲೆ ಕೊಯ್ದು ಸಿಪ್ಪೆ ಸಮೇತ ಬಿಸಿಲಿಗೆ ಹರವುವ ಚಾಲಿಗೆ ಇಷ್ಟೆಲ್ಲ ಉಪಚಾರವಿಲ್ಲ. ತಿಂಗಳಿಗೂ ಮಿಕ್ಕಿ ಒಣಗಿದ ಮೇಲೆ ಸುಲಿದರಾಯಿತು.

ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಒಮ್ಮೆ, ಶಾಲೆಗೆ ರಜೆಯಿದ್ದರೆ, ಅಪ್ಪಯ್ಯ ನನ್ನನ್ನೂ ಗೋಣಿಚೀಲಗಳ ಜೊತೆಗೆ ಶಿರಸಿಗೆ ಕರೆದೊಯ್ಯುತ್ತಿದ್ದರು. ಸೊಸೈಟಿಯ ವಖಾರಿಯಲ್ಲಿ ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಚಾಲಿ, ಬಿಳೆಗೋಟು ಎಂದು ಬೇರೆ ಬೇರೆಯಾಗಿ ಮಾಲು ಸುರಿದಿರುತ್ತಿತ್ತು. ವ್ಯಾಪಾರಿಗಳು ಒಂದೊಂದು ಲಾಟಿನ ಮುಂದೆ ನಿಂತು, ನಾಲ್ಕು ಅಡಿಕೆ ಕತ್ತರಿಸಿ ಒಳಗನ್ನು ನೋಡಿ, ಮುಖದಲ್ಲಿ ಏನನ್ನೂ ತೋರಗೊಡದೆ ಚೀಟಿಯಲ್ಲಿ ದರ ಬರೆದು ಮುಂದೆ ಹೋಗುತ್ತಿದ್ದರು. ಟೆಂಡರ್ ತೆರೆದು ದರ ಹೇಳಿದ ಮೇಲೂ ಕೊಡುವುದು ಬಿಡುವುದು ಬೆಳೆಗಾರನ ಇಷ್ಟ. ಒಂದು ವರ್ಷ ದರ ಕೇಳಿದ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಡ ಕೂಸೆ, ಇಂದು ಕೊಡದು ಬ್ಯಾಡ" ಎಂದು ನನಗೆ ಹೇಳಿದರು. ನಾನೇ ಏನೋ ಒತ್ತಾಯ ಮಾಡಿದವಳಂತೆ. ಮಾಲನ್ನು ವಖಾರಿಯಲ್ಲೇ ಇಟ್ಟು, ಅದರ ಆಧಾರದ ಮೇಲೆ ಮುಂಗಡ ಬರೆಸಿಕೊಂಡು, ಕಿರಾಣಿಯನ್ನು ಖಾತೆಗೆ ಹಚ್ಚಿಸಿ, ದೇವಿಕೆರೆಯ ಹತ್ತಿರ ಮಸಾಲೆದೋಸೆ ತಿಂದು ನಾವು ಕೊನೆಯ ಬಸ್ಸಿಗೆ ಮನೆಗೆ ಬಂದೆವು. ಮಾರದೆ ಬಂದ ದಿನವೂ ದೋಸೆಗೆ ಕೊರತೆಯಾಗಲಿಲ್ಲವೆಂಬುದು ಆಗ ನನಗೆ ವಿಶೇಷವಾಗಿ ಕಂಡಿರಲಿಲ್ಲ.

ಮುಂದುವರಿಯುವ ಮೊದಲು, ಜಾಗ ಸಾಲದೆ ಇಲ್ಲಿಗೇ ತುರುಕುತ್ತಿರುವ ಕೆಲವು ಸೂಚನೆಗಳು. ರಾಜ್ಯೋತ್ಸವವು ನವೆಂಬರ್ ತಿಂಗಳ ಮೂರನೆಯ ಶನಿವಾರ, ಎಂದಿನ ಸಭಾಂಗಣದಲ್ಲಿ, ಮಧ್ಯಾಹ್ನ ಮೂರಕ್ಕೆ. ಮಕ್ಕಳ ಯಕ್ಷಗಾನಕ್ಕೆ ಬಣ್ಣ ಹಚ್ಚುವವರು ಒಂದಕ್ಕೇ ಬರಬೇಕು. ಊಟದ ಚೀಟಿಯನ್ನು ಮುಂಚಿತವಾಗಿ ಪಡೆಯದೆ ಕುಟುಂಬ ಸಮೇತ ಬರುವವರು ಕಳೆದ ಸಲ ಅನ್ನ ಮುಗಿದದ್ದನ್ನು ನೆನಪಿಟ್ಟುಕೊಳ್ಳಬೇಕು. ಕನ್ನಡ ತರಗತಿ ಡಿಸೆಂಬರ್‌ನಲ್ಲಿ ಎರಡು ವಾರ ಇರುವುದಿಲ್ಲ. ಸದಸ್ಯತ್ವದ ನವೀಕರಣ ವರ್ಷದ ಕೊನೆಯೊಳಗೆ. ಸಂಘದ ದೊಡ್ಡ ಕುಕ್ಕರನ್ನು ಗಣೇಶನ ಹಬ್ಬದಲ್ಲಿ ಒಯ್ದವರು ಯಾರೇ ಆಗಿರಲಿ, ದಯಮಾಡಿ ಹಿಂದಿರುಗಿಸಿ, ಯಾರೂ ಏನೂ ಕೇಳುವುದಿಲ್ಲ.

ಆ ಹುಡುಗಿಯ ಇನ್ನೊಂದು ಪ್ರಶ್ನೆ ಇಷ್ಟು ಸುಲಭದ್ದಾಗಿರಲಿಲ್ಲ. ಅಡಿಕೆಯು ಕ್ಯಾನ್ಸರ್ ತರುತ್ತದೆಂದು ಅವಳು ಎಲ್ಲೋ ಓದಿದ್ದಳು, ಅದನ್ನು ಬರೆಯಬೇಕೋ ಬೇಡವೋ ಎಂದು ಕೇಳಿದಳು. ಬರೆಯಬೇಕೆಂದೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂಬ ಗುಂಪಿಗೆ ಸೇರಿಸಿದೆ. ನಮ್ಮ ಅಂಗಳದಲ್ಲಿ ಅಷ್ಟು ಆರೈಕೆಯಿಂದ ಬೇಯಿಸಿದ ಅಡಿಕೆಯ ದೊಡ್ಡ ಪಾಲು ಉತ್ತರ ಭಾರತದ ಪಾನ್ ಮಸಾಲೆ ಕಾರ್ಖಾನೆಗಳಿಗೆ ಹೋಗುತ್ತದೆ. ಊಟದ ನಂತರದ ಕವಳದ, ಅಂದರೆ ಎಲೆಯಡಿಕೆಯ, ತಟ್ಟೆಗೂ ಅದಕ್ಕೂ ಬಹಳ ಅಂತರವಿದೆಯೆಂದು ನಾವು ಹೇಳಿಕೊಳ್ಳುತ್ತೇವೆ, ಆದರೆ ದರ ನಿಲ್ಲುವುದು ಆ ಕಾರ್ಖಾನೆಗಳ ಬೇಡಿಕೆಯ ಮೇಲೆ. ಇದನ್ನು ಓದಿ ನಮ್ಮೂರ ಕಡೆಯ ಕೆಲವರಿಗೆ ಬೇಸರವಾಗಬಹುದು. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಇದ್ದೇನೆ, ಆ ಸಂತೋಷವನ್ನೂ ಈ ವರದಿಯನ್ನೂ ಒಂದೇ ಪುಟದಲ್ಲಿ ಇಡುವುದು ಅವಳಿಗಿಂತ ನನಗೇ ಹೆಚ್ಚು ಕಷ್ಟವಾಯಿತು.

ಬೆಳೆಗಾರನ ಚಿಂತೆ ಅಷ್ಟಕ್ಕೇ ಮುಗಿಯುವುದಿಲ್ಲ. ಮಳೆಗಾಲದ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ದ್ರಾವಣವಿದೆ. ಈಚಿನ ಎಲೆಚುಕ್ಕೆ ರೋಗಕ್ಕೆ ಅಷ್ಟು ನೆಚ್ಚಿನ ಮದ್ದು ಇನ್ನೂ ಕೈಗೆ ಬಂದಿಲ್ಲ. ಬಯಲುಸೀಮೆಯಲ್ಲಿ ಕೊಳವೆಬಾವಿಯ ನೀರಿನಿಂದ ಎದ್ದ ತೋಟಗಳು ಕಣಿವೆಯ ಹಳೆಯ ತೋಟಗಳೊಂದಿಗೆ ಪೈಪೋಟಿಗೆ ನಿಂತಿವೆ. ಕೊನೆಗೌಡರ ಮಕ್ಕಳು ಮರ ಹತ್ತುವುದಿಲ್ಲ, ಹತ್ತಬೇಕೆಂದು ಹೇಳುವ ಅಧಿಕಾರವೂ ನಮಗಿಲ್ಲ, ಏಕೆಂದರೆ ತೋಟದ ಒಡೆಯರ ಮಕ್ಕಳಾದ ನಾವೇ ಊರು ಬಿಟ್ಟು ಇಲ್ಲಿದ್ದೇವೆ. ಈಗ ನೆಲದಲ್ಲಿ ನಿಂತೇ ಕಾರ್ಬನ್ ಫೈಬರ್ ದೋಟಿಯಿಂದ ಕೊಯ್ಯುತ್ತಾರೆ, ಸುಲಿಯುವುದಕ್ಕೆ ಯಂತ್ರ ಬಂದಿದೆ, ಮನೆಯಲ್ಲಿ ಬೇಯಿಸಲಾಗದ ವೃದ್ಧ ದಂಪತಿಗಳು ಹಸಿ ಅಡಿಕೆಯನ್ನೇ ಟೆಂಡರಿಗೆ ಕೊಟ್ಟು ಬರುತ್ತಾರೆ.

ಮಾರಿಕಾಂಬೆಯ ಜಾತ್ರೆಯ ಬಗ್ಗೆಯೂ ಅವಳ ಹಾಳೆಯಲ್ಲಿ ಎರಡು ಸಾಲಿಗೆ ಜಾಗವಿತ್ತು. ಜಾತ್ರೆ ಎರಡು ವರ್ಷಕ್ಕೊಮ್ಮೆ, 2024ರಲ್ಲಿ ನಡೆದಿತ್ತು. ತೇರಿನಲ್ಲಿ ಬಂದ ದೇವಿ ಬಿಡ್ಕಿ ಬಯಲಿನ ಗದ್ದುಗೆಯಲ್ಲಿ ಕೂರುತ್ತಾಳೆ. ಜಾತ್ರೆಯಿಲ್ಲದ ವರ್ಷದ ಹೋಳಿಯಲ್ಲಿ ನವಿಲುಗರಿಯ ಬೇಡರ ವೇಷಗಳು ರಾತ್ರಿಯಿಡೀ ಬೀದಿಯಲ್ಲಿ ಕುಣಿಯುತ್ತವೆ. 1934ರಲ್ಲಿ ಶಿರಸಿಗೆ ಬಂದ ಗಾಂಧೀಜಿಯವರು ಪ್ರಾಣಿಬಲಿಯ ಕಾರಣಕ್ಕೆ ಗುಡಿಯೊಳಗೆ ಹೋಗಲು ಒಪ್ಪದಿದ್ದುದನ್ನೂ, ಬಲಿ ನಿಂತುದನ್ನೂ ಅವಳು ಶ್ರದ್ಧೆಯಿಂದ ಬರೆದುಕೊಂಡಳು. ತೊಡೆದೇವು, ಅಪ್ಪೆಮಿಡಿ ಉಪ್ಪಿನಕಾಯಿಗಳಿಗೆ ಹಾಳೆಯಲ್ಲಿ ಅಂಕಣವೇ ಇರಲಿಲ್ಲ, ಅದು ಶಾಲೆಯವರ ನಷ್ಟ.

ಮುಂದಿನ ಸಂಚಿಕೆಯನ್ನು ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರಗಳಿಗೆ ಮೀಸಲಿಡಬೇಕೆಂದಿದ್ದೇನೆ. ಆದರೆ ಬರೆಯುವುದು, ತಿದ್ದುವುದು, ಪುಟ ಕಟ್ಟುವುದು, ಲಕೋಟೆಗೆ ವಿಳಾಸ ಅಂಟಿಸುವುದು ಇವಿಷ್ಟನ್ನೂ ಈಗ ಇಬ್ಬರೇ ಮಾಡುತ್ತಿದ್ದೇವೆ, ಅವರಲ್ಲಿ ಒಬ್ಬರು ಜನವರಿಯಲ್ಲಿ ಶಾಶ್ವತವಾಗಿ ಊರಿಗೆ ಮರಳುತ್ತಿದ್ದಾರೆ. ಘಟ್ಟದ ಮೇಲಿನವರು ಪುಟವನ್ನೆಲ್ಲ ಅಡಿಕೆಯಿಂದಲೇ ತುಂಬಿಸಿದರೆಂದು ದೂರಲಿರುವ ಕರಾವಳಿಯ ಬಂಧುಗಳು, ದೂರಿನ ಜೊತೆಗೆ ಮೀನಿನ ಪೇಟೆಯ ಬಗ್ಗೆಯೋ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆಯೋ ಎರಡು ಪುಟ ಬರೆದು ಡಿಸೆಂಬರ್ ಹತ್ತರೊಳಗೆ ಕಳಿಸಬೇಕಾಗಿ ಕೋರಿಕೆ. ಕೈಬರಹವಾದರೂ ಆದೀತು, ಟೈಪ್ ಮಾಡಿಕೊಡುವವರೊಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.