ರಸ್ತೆಯಲ್ಲೇ ಹುಟ್ಟುಹಬ್ಬ

ಪ್ರಿಯ ಓದುಗರೇ,

ಮೇ 25 ಅಮೆರಿಕದಲ್ಲಿ ಟ್ಯಾಪ್ ಡ್ಯಾನ್ಸ್ ದಿನ. ಷೂನಿಂದ ನೆಲ ತಟ್ಟಿ ತಾಳ ಹುಟ್ಟಿಸುವ ಕುಣಿತವದು. 1989ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿದರು. 'ಬೋಜ್ಯಾಂಗಲ್ಸ್' ಎಂದು ಹೆಸರಾದ ಟ್ಯಾಪ್ ನರ್ತಕ ಬಿಲ್ ರಾಬಿನ್ಸನ್ ಹುಟ್ಟಿದ ದಿನವದು.

ಅವರು ಹುಟ್ಟಿದ್ದು 1878ರಲ್ಲಿ, ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಕೊಂಡರು. ಸಾಕಿದ್ದು ಅಜ್ಜಿ. ಆಕೆ ಹಿಂದೆ ಗುಲಾಮಳಾಗಿ ದುಡಿದವರು. ಹುಡುಗ ಬೀದಿಯಲ್ಲಿ ಕುಣಿದು ಚಿಲ್ಲರೆ ಕಾಸು ಸಂಪಾದಿಸುತ್ತಿದ್ದ. ಮುಂದೆ ದೊಡ್ಡ ದೊಡ್ಡ ರಂಗಮಂದಿರಗಳು, ಸಿನಿಮಾ ಎಲ್ಲವೂ ಬಂದವು.

1939ರಲ್ಲಿ ಅವರಿಗೆ 61 ತುಂಬಿತು. ನಮ್ಮಲ್ಲಾದರೆ ಷಷ್ಟ್ಯಬ್ದಿ ಮುಗಿಸಿ ಆರಾಮಾಗಿ ಕೂರುವ ವಯಸ್ಸು ಅಲ್ವಾ? ಅವರು ನ್ಯೂಯಾರ್ಕ್‌ನ ಬ್ರಾಡ್‌ವೇ ರಸ್ತೆಗಿಳಿದು, ಅದರುದ್ದಕ್ಕೂ ಕುಣಿಯುತ್ತಾ ಹೋದರು. ಹುಟ್ಟುಹಬ್ಬ ಆಚರಿಸಿಕೊಂಡದ್ದೇ ಹಾಗೆ. ಬೀದಿಯಲ್ಲಿ ಶುರುವಾದ ಕುಣಿತ ಮತ್ತೆ ಬೀದಿಗೇ ಬಂದಿತ್ತು. ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಗೆಜ್ಜೆಯ ಸದ್ದು ನಮಗೆ ಗೊತ್ತು, ಅದನ್ನು ಕಾಲಿಗೆ ಕಟ್ಟಿಕೊಳ್ಳುತ್ತೇವೆ. ಟ್ಯಾಪ್‌ನಲ್ಲಿ ಸದ್ದು ಹುಟ್ಟುವುದು ಷೂ ನೆಲಕ್ಕೆ ತಾಗಿದಾಗ. ನೆಲವೇ ವಾದ್ಯ. ಈಗಿನವರ ಷೂಗೆ ಲೋಹದ ತಗಡು ಇರುತ್ತದೆ. ರಾಬಿನ್ಸನ್ ಮರದ ಅಟ್ಟೆಯ ಷೂ ಹಾಕುತ್ತಿದ್ದರು, ಮುಂಗಾಲಿನ ಮೇಲೆ ಹಗುರವಾಗಿ ಕುಣಿಯುತ್ತಿದ್ದರು. ಮೆಟ್ಟಿಲ ಕುಣಿತ ಅವರ ಹೆಸರುವಾಸಿ ಐಟಂ. ಹತ್ತುತ್ತಾ ಇಳಿಯುತ್ತಾ ಒಂದೊಂದು ಮೆಟ್ಟಿಲಿಂದ ಒಂದೊಂದು ಸದ್ದು ಹೊರಡಿಸುತ್ತಿದ್ದರು. ಹಳೇ ವಿಡಿಯೊ ಸಿಗುತ್ತದೆ, ಮಕ್ಕಳಿಗೆ ತೋರಿಸಿ.

ಇನ್ನೊಂದು ಮಾತು. ರಿಚ್ಮಂಡ್‌ನ ಒಂದು ಅಪಾಯದ ಕೂಡುರಸ್ತೆಯಲ್ಲಿ ಮಕ್ಕಳು ದಾಟುವುದಕ್ಕೆ ಕಷ್ಟಪಡುತ್ತಿದ್ದರು. ಅಲ್ಲಿ ಸಿಗ್ನಲ್ ದೀಪ ಹಾಕಿಸಲು ಅವರೇ ದುಡ್ಡು ಕೊಟ್ಟರು. 1973ರಲ್ಲಿ ಅಲ್ಲೇ ಅವರ ಪ್ರತಿಮೆ ನಿಲ್ಲಿಸಿದರು. ಮೆಟ್ಟಿಲ ಮೇಲೆ ಕುಣಿಯುತ್ತಿರುವ ರಾಬಿನ್ಸನ್.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಕಳೆದ ಯುಗಾದಿಗೆ ನಮ್ಮ ಹಿರಿಯ ಭರತನಾಟ್ಯದ ಟೀಚರಿಗೆ ಸನ್ಮಾನ ಮಾಡಿದೆವು. ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಮುಂದಿನ ಸಾಲಲ್ಲಿ ಕೂರಿಸಿದೆವು. ಮಕ್ಕಳು ಕುಣಿಯುವಾಗ ಅವರ ಪಾದ ಕುರ್ಚಿಯ ಕೆಳಗೆ ತಾಳ ಹಾಕುತ್ತಿತ್ತು. ನಾನು ಪಕ್ಕದಲ್ಲೇ ಇದ್ದೆ. 'ನೀವೂ ಎರಡು ಹೆಜ್ಜೆ ಹಾಕಿ' ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಸಲದ ಬೇಸಿಗೆ ಪಿಕ್ನಿಕ್‌ಗೆ ಪಾರ್ಕಿನಲ್ಲಿ ನಾಲ್ಕು ಪ್ಲೈವುಡ್ ಹಲಗೆ ಹಾಸೋಣ. ಮೊದಲ ಅರ್ಧ ಗಂಟೆ ಅರವತ್ತು ದಾಟಿದವರಿಗೇ. ಡೊಳ್ಳು, ಕೋಲಾಟ, ಭರತನಾಟ್ಯ, ಏನಾದರೂ ಸರಿ. ದಾರಿಯಲ್ಲಿ ಹೋಗುವವರೂ ನಿಂತು ನೋಡಲಿ.

ಟೀಚರಿಗೆ ನಿನ್ನೆ ಫೋನ್ ಮಾಡಿದ್ದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗೆಜ್ಜೆ ಅಟ್ಟದ ಮೇಲಿದೆ ಕಣಮ್ಮಾ, ಇಳಿಸಿಕೊಡೋಕೆ ಯಾರನ್ನಾದರೂ ಕಳಿಸ್ತೀಯಾ?" ಎಂದರು.