ಹರಾಜಿಗೆ ಮೊದಲು ಎರಡು ಫ್ಲಾಪಿ ಡ್ರೈವ್ ತೆಗೆದಿಡಿ

ಮಾನ್ಯ ಸಂಪಾದಕರಿಗೆ,

ಕಳೆದ ತಿಂಗಳು ಕಲಬುರಗಿಯ ಒಂದು ಕಚೇರಿಯ ಹಿತ್ತಲಿನಲ್ಲಿ, ಬೇವಿನ ಮರದ ಕೆಳಗೆ, ಹರಾಜಿಗೆಂದು ಪೇರಿಸಿಟ್ಟಿದ್ದ ಹಳೆಯ ಕಂಪ್ಯೂಟರ್‌ಗಳ ರಾಶಿಯನ್ನು ನೋಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದುದರಿಂದ, ವಿಂಡೋಸ್ 11 ಒಗ್ಗದ ಯಂತ್ರಗಳನ್ನು ಬದಲಿಸುವ ಕೆಲಸ ಹಲವೆಡೆ ನಡೆದಿದೆ; ಅದೇ ನೆಪದಲ್ಲಿ ದಾಸ್ತಾನು ಕೋಣೆಯ ಮೂಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಧೂಳು ಹಿಡಿಯುತ್ತಿದ್ದ ಪೆಟ್ಟಿಗೆಗಳೂ ಬೆಳಕು ಕಂಡಿವೆ. ಅವುಗಳಲ್ಲಿ ಏಳೆಂಟಕ್ಕೆ ಮೂರೂವರೆ ಇಂಚಿನ ಫ್ಲಾಪಿ ಡ್ರೈವ್ (ಅಂದು ಕಡತ ಉಳಿಸಿಡಲು ಬಳಸುತ್ತಿದ್ದ ಫ್ಲಾಪಿ ಎಂಬ ತೆಳು ಡಿಸ್ಕನ್ನು ಓದುವ ಭಾಗ) ಇತ್ತು, ಎರಡಕ್ಕೆ ಅದಕ್ಕೂ ಹಿಂದಿನ ಐದೂಕಾಲು ಇಂಚಿನದು. ಪಕ್ಕದಲ್ಲಿದ್ದ ರಟ್ಟಿನ ಡಬ್ಬಿಯ ತುಂಬ ಫ್ಲಾಪಿಗಳಿದ್ದವು. ಅವುಗಳಲ್ಲಿ ಏನಿದೆ ಎಂದು ವಿಚಾರಿಸಿದಾಗ, ಹರಾಜಿನ ಪಟ್ಟಿಯಲ್ಲಿ ಅವು ‘ಇತರೆ’ ಎಂದು ನಮೂದಾಗಿವೆ ಎಂಬ ಉತ್ತರ ಬಂತು.

ಕಂಪ್ಯೂಟರಿನಿಂದ ಫ್ಲಾಪಿ ಡ್ರೈವ್ ಮರೆಯಾದದ್ದು ಸರಿಯೇ. ಅದರ ಪರವಾಗಿ ವಕಾಲತ್ತು ವಹಿಸಲು ಈ ಪತ್ರ ಬರೆಯುತ್ತಿಲ್ಲ. ಮೂರೂವರೆ ಇಂಚಿನ ಫ್ಲಾಪಿಗೆ ಎರಡು ಮೈ, ಒಂದೊಂದರಲ್ಲಿ ಟ್ರ್ಯಾಕ್ ಎಂಬ 80 ವರ್ತುಲ, ಟ್ರ್ಯಾಕಿಗೆ ಸೆಕ್ಟರ್ ಎಂಬ 18 ತುಂಡು, ಸೆಕ್ಟರಿಗೆ 512 ಬೈಟ್ ಎಂದು ಗುಣಿಸಿದರೆ ಸಿಗುವುದು 14,74,560 ಬೈಟ್. 1.44 ಎಂಬಿ ಎಂದು ನಾವು ಕರೆಯುತ್ತಿದ್ದ ಆ ಜಾಗದಲ್ಲಿ ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಹಿಡಿಸುವುದು ಕಷ್ಟ. ಆಪಲ್ ಕಂಪನಿ 1998ರ ಐಮ್ಯಾಕ್‌ನಲ್ಲಿಯೇ ಫ್ಲಾಪಿ ಡ್ರೈವನ್ನು ಕೈಬಿಟ್ಟಿತು, ಸೋನಿ ಕಂಪನಿ ಜಪಾನಿನಲ್ಲಿ 2011ರ ಮಾರ್ಚ್‌ಗೆ ಫ್ಲಾಪಿ ಮಾರಾಟವನ್ನೇ ನಿಲ್ಲಿಸಿತು. ನಮ್ಮ ಊರಿನಲ್ಲಿ ಜೋಡಿಸಿ ಕೊಡುತ್ತಿದ್ದ ಕಂಪ್ಯೂಟರ್‌ಗಳಲ್ಲಿ ಅದು ಇನ್ನೂ ಕೆಲವು ಕಾಲ ಉಳಿದದ್ದಕ್ಕೆ ಒಂದು ಕಾರಣ ವಿಂಡೋಸ್ ಎಕ್ಸ್‌ಪಿ: ಅದನ್ನು ಕಂಪ್ಯೂಟರಿಗೆ ಹಾಕುವಾಗ, ಸಾಟಾ ಎಂಬ ಹೊಸ ಬಗೆಯ ಹಾರ್ಡ್ ಡಿಸ್ಕನ್ನು ಗುರುತಿಸುವ ಡ್ರೈವರ್ ತಂತ್ರಾಂಶ ಬೇಕಾಗಿ ಬಂದರೆ ಅದು ಎಫ್6 ಕೀಲಿ ಒತ್ತಿಸಿ, ಫ್ಲಾಪಿಯನ್ನೇ ಕೇಳುತ್ತಿತ್ತು.

ನಾನು ತೊಂಬತ್ತರ ದಶಕದಲ್ಲಿ ಸೂಪರ್ ಮಾರ್ಕೆಟ್ ಭಾಗದಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ) ಅಂಗಡಿ ನಡೆಸುತ್ತಿದ್ದವನು. ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಪ್ರಬಂಧ, ಸ್ಥಳೀಯ ಕವಿಗಳ ಸಂಕಲನ, ಮಠಗಳ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ, ಎಲ್ಲವೂ ಅಂಗಿಯ ಕಿಸೆಯಲ್ಲಿ ಫ್ಲಾಪಿಯಾಗಿ ಬರುತ್ತಿದ್ದವು, ಫ್ಲಾಪಿಯಾಗಿಯೇ ಮುದ್ರಣಾಲಯಕ್ಕೆ ಹೋಗುತ್ತಿದ್ದವು. ಚಿತ್ರಗಳಿರುವ ಪೇಜ್‌ಮೇಕರ್ ಕಡತ ಒಂದರಲ್ಲಿ ಹಿಡಿಸದಿದ್ದರೆ ಎಆರ್‌ಜೆ ತಂತ್ರಾಂಶದಿಂದ ನಾಲ್ಕೈದು ತುಂಡು ಮಾಡಿ ಕಳಿಸುತ್ತಿದ್ದೆವು. ಅವುಗಳಲ್ಲಿ ಮೂರನೆಯದು ಕೈಕೊಟ್ಟರೆ ಉಳಿದವು ಇದ್ದೂ ಇಲ್ಲದಂತೆ. ಅಂದು ಸಿಡಿ ಬರೆಯುವ ಡ್ರೈವ್ ದುಬಾರಿಯಾಗಿತ್ತು, ಕೆಲಸ ಮುಗಿದ ಮೇಲೆ ಹಾರ್ಡ್ ಡಿಸ್ಕಿನಿಂದ ಕಡತ ಅಳಿಸುವುದು ಎಲ್ಲ ಅಂಗಡಿಗಳ ವಾಡಿಕೆಯಾಗಿತ್ತು. ಹೀಗಾಗಿ ಈ ಭಾಗದ ಒಂದು ದಶಕದ ಬರಹದಲ್ಲಿ ಸಾಕಷ್ಟು ಪಾಲು ಇಂದಿಗೂ ಯಾರದೋ ಟ್ರಂಕಿನಲ್ಲಿ, ಇಲ್ಲವೇ ಯಾವುದೋ ಕಚೇರಿಯ ಡಬ್ಬಿಯಲ್ಲಿ ಇರುವ ಸಂಭವವಿದೆ.

ಇದು ಬರಿಯ ಊಹೆಯಲ್ಲ. ಆಳಂದ ಕಡೆಯ ಒಬ್ಬ ಕನ್ನಡ ಮೇಷ್ಟ್ರು ಬೀಸುವ ಕಲ್ಲಿನ ಪದಗಳನ್ನು ಊರೂರು ತಿರುಗಿ ಸಂಗ್ರಹಿಸಿ ನನ್ನಲ್ಲಿ ಟೈಪು ಮಾಡಿಸಿದ್ದರು. ಹಣ ಸಾಲದೆ ಪುಸ್ತಕ ಅಚ್ಚಾಗಲಿಲ್ಲ. ಅವರು ತೀರಿಕೊಂಡ ಮೇಲೆ, ಹೋದ ವರ್ಷ, ಮಗಳು ನಾಲ್ಕು ಫ್ಲಾಪಿಗಳನ್ನು ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ ನೋಡಿದಾಗ ಎರಡು ತೆರೆದವು. ಮೂರನೆಯದರ ಒಳಗಿನ ಹಾಳೆಗೆ ಬೂಸಲು ಹಿಡಿದಿತ್ತು. ನಾಲ್ಕನೆಯದು ಐದೂಕಾಲು ಇಂಚಿನದು, ಅದನ್ನು ಹಾಕಿ ನೋಡಲು ನನ್ನಲ್ಲಿ ಡ್ರೈವೇ ಉಳಿದಿರಲಿಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಯುಎಸ್‌ಬಿ ಡ್ರೈವ್ ಮೂರೂವರೆ ಇಂಚಿನದನ್ನಷ್ಟೇ ಓದುತ್ತದೆ. ಐದೂಕಾಲು ಇಂಚಿನದಕ್ಕೆ 34 ಎಳೆಗಳ ಪಟ್ಟಿಯಂತಹ ಕೇಬಲ್ ಸಿಕ್ಕಿಸುವ ಹಳೆಯ ಮದರ್‌ಬೋರ್ಡ್ ಬೇಕು, ಇಲ್ಲವೇ ಹವ್ಯಾಸಿಗಳು ಬಳಸುವ ವಿಶೇಷ ಸರ್ಕ್ಯೂಟ್ ಬೇಕು. ಎರಡರಲ್ಲಿ ಯಾವುದಿದ್ದರೂ ಹಳೆಯ ಡ್ರೈವ್ ಇಲ್ಲದೆ ಕೆಲಸ ಸಾಗದು, ಆ ಡ್ರೈವನ್ನು ಈಗ ಯಾರೂ ತಯಾರಿಸುತ್ತಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯೂ ಇದೆ. ವರ್ಷಗಟ್ಟಲೆ ಬಳಸಿದ ಡ್ರೈವಿನಲ್ಲಿ ಓದಿ ಬರೆಯುವ ಹೆಡ್ ಎಂಬ ಭಾಗ ಕೂದಲೆಳೆಯಷ್ಟು ಸರಿದಿದ್ದರೆ, ಅದರಲ್ಲಿ ಬರೆದ ಫ್ಲಾಪಿಯನ್ನು ಬೇರೆ ಡ್ರೈವ್ ಓದಲು ನಿರಾಕರಿಸುತ್ತದೆ, ಅದೇ ಡ್ರೈವ್ ಮಾತ್ರ ಸಲೀಸಾಗಿ ಓದುತ್ತದೆ. ಎಂದರೆ, ಬೇವಿನ ಮರದ ಕೆಳಗಿದ್ದ ಆ ಡಬ್ಬಿಯನ್ನು ಓದಲು ಎಲ್ಲಕ್ಕಿಂತ ಯೋಗ್ಯವಾದ ಯಂತ್ರ ಅದರ ಪಕ್ಕದಲ್ಲಿಯೇ ಇತ್ತು. ಎರಡೂ ಕಿಲೋ ಲೆಕ್ಕದಲ್ಲಿ ಬೇರೆ ಬೇರೆ ಗುಜರಿ ಅಂಗಡಿಗಳಿಗೆ ಹೋಗಲು ಸಿದ್ಧವಾಗಿದ್ದವು.

ಕಡತ ನಕಲಾದರೂ ಕನ್ನಡ ತಾನಾಗಿ ಕಾಣಿಸುವುದಿಲ್ಲ. ಆ ಕಾಲದ ಶ್ರೀಲಿಪಿ, ಆಕೃತಿ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು, ಒಂದೊಂದರ ಜೋಡಣೆ ಒಂದೊಂದು ಬಗೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸ್ಥಾನ ಕೊಡುವ ಯುನಿಕೋಡ್ ಬಳಸುವ ಇಂದಿನ ಕಂಪ್ಯೂಟರಿನಲ್ಲಿ, ಅಂದಿನ ಫಾಂಟ್ (ಅಕ್ಷರರೂಪದ ಕಡತ) ಇಲ್ಲದೆ ಅಂಥ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಆದುದರಿಂದ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅಳಿಸುವ ಮೊದಲು ಅದರ ಫಾಂಟ್ ಕಡತಗಳನ್ನೂ ಜೊತೆಗೆ ತೆಗೆದಿಡುವುದು ಅಗತ್ಯ. ಮೇಷ್ಟ್ರ ಎರಡು ಫ್ಲಾಪಿಗಳ ಪದಗಳು ಮತ್ತೆ ಕನ್ನಡವಾದದ್ದು ನನ್ನ ಹಳೆಯ ಸಿಡಿಯೊಂದರಲ್ಲಿ ಆ ಫಾಂಟ್ ಉಳಿದಿದ್ದ ಪುಣ್ಯದಿಂದ.

ಹಳತೆಂಬ ಒಂದೇ ಕಾರಣಕ್ಕೆ ಸೀರಿಯಲ್ ಪೋರ್ಟ್ (ಬೇರೆ ಸಾಧನಗಳ ತಂತಿ ಸಿಕ್ಕಿಸುವ ಹಳೆಯ ಬಗೆಯ ಕಿಂಡಿ), ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳನ್ನು ಫ್ಲಾಪಿಯ ಸಾಲಿಗೆ ಸೇರಿಸುವುದೂ ಸರಿಯಲ್ಲ. ತೊಗರಿ ಲಾರಿ ತೂಗುವ ವೇ ಬ್ರಿಜ್‌ನ ತೂಕ ಇಂದಿಗೂ ಸಾಮಾನ್ಯವಾಗಿ ಸೀರಿಯಲ್ ತಂತಿಯ ಮೂಲಕವೇ ಕಂಪ್ಯೂಟರಿಗೆ ಬರುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಂತೆ ಕಾರ್ಬನ್ ಹಾಳೆ ಇಟ್ಟು ಒಂದೇ ಏಟಿಗೆ ಮೂರು ಪ್ರತಿ ತೆಗೆಯುವುದು ಲೇಸರ್ ಪ್ರಿಂಟರಿಗೆ ಸಾಧ್ಯವಿಲ್ಲ. ಅವಕ್ಕೆ ಇನ್ನೂ ಕೆಲಸವಿದೆ.

ಜಪಾನಿನ ಸರ್ಕಾರ ಫ್ಲಾಪಿಯಲ್ಲಿಯೇ ದಾಖಲೆ ಸಲ್ಲಿಸಬೇಕೆಂಬಂತಹ ಸಾವಿರಕ್ಕೂ ಹೆಚ್ಚು ನಿಯಮಗಳನ್ನು ಹುಡುಕಿ ತಿದ್ದುವ ಕೆಲಸವನ್ನು ಮುಗಿಸಿದ್ದು 2024ರಲ್ಲಿ. ಅಷ್ಟು ತಡವಾಗಬೇಕಿರಲಿಲ್ಲ ಎನ್ನುವವರಿದ್ದಾರೆ. ಆದರೂ ಅಲ್ಲಿ ಮೊದಲು ಲೆಕ್ಕ ಹಾಕಿದರು, ಆಮೇಲೆ ಕೈಬಿಟ್ಟರು. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಯಂತ್ರದ ಸೀಸ, ತಾಮ್ರ, ಪ್ಲಾಸ್ಟಿಕ್ಕಿನ ಗತಿಯನ್ನು ವಿಚಾರಿಸುತ್ತವೆ, ಒಳಗಿನ ಬರಹವನ್ನು ವಿಚಾರಿಸುವುದಿಲ್ಲ.

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲಾಡಳಿತಗಳಲ್ಲಿ ನನ್ನ ವಿನಂತಿ ಇಷ್ಟೇ: ನಿರುಪಯುಕ್ತ ಕಂಪ್ಯೂಟರ್‌ಗಳ ಹರಾಜಿಗೆ ಮೊದಲು, ಚಾಲನೆಯಲ್ಲಿರುವ ಎರಡೂ ಅಳತೆಯ ಡ್ರೈವ್‌ಗಳಿರುವ ಒಂದೊಂದು ಯಂತ್ರವನ್ನು ಆರಿಸಿ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಇರಿಸಲಿ, ಕಚೇರಿಯ ಫ್ಲಾಪಿಗಳನ್ನು ಅಲ್ಲಿ ನಕಲು ಮಾಡಿಸಲಿ, ವಾರಕ್ಕೊಂದು ದಿನ ಸಾರ್ವಜನಿಕರಿಗೂ ಅವಕಾಶ ಕೊಡಲಿ. ಆ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸದಿದ್ದರೆ ಸುರಕ್ಷತೆಯ ಚಿಂತೆಯೂ ಕಡಿಮೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮುಂದೆ ಅನುದಾನಕ್ಕೆ ನಿಲ್ಲಬೇಕಾದಷ್ಟು ದೊಡ್ಡ ಕೆಲಸ ಇದಲ್ಲ. ಒಂದು ಮೇಜು, ಒಂದು ಯುಪಿಎಸ್, ಹೆಡ್ ಒರೆಸಲು ಒಂದಿಷ್ಟು ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ನಮ್ಮ ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗಿರುವ ಫ್ಲಾಪಿಗಳು ಇನ್ನೆಷ್ಟು ವರ್ಷ ತಾಳಿಯಾವು ಎಂಬುದನ್ನು ನೆನೆದು, ಇದೇ ಮಾರ್ಚ್‌ನೊಳಗೆ ಆದರೆ ಒಳಿತು.

ಎರಡೂ ಬಗೆಯ ಡ್ರೈವಿಗೆ ಹೊಂದುವ ಎರಡು ಕೇಬಲ್‌ಗಳು ನನ್ನ ಬಳಿ ಇನ್ನೂ ಇವೆ, ಅವನ್ನು ಉಚಿತವಾಗಿ ಕೊಡುತ್ತೇನೆ. ಮೇಷ್ಟ್ರ ಮಗಳು ನಾಲ್ಕನೆಯ ಫ್ಲಾಪಿಯನ್ನು ನನ್ನಲ್ಲಿಯೇ ಬಿಟ್ಟು ಹೋಗಿದ್ದಾರೆ.

ಇಂತಿ,
ಹಳೆಯ ಡಿಟಿಪಿ ಕೆಲಸಗಾರ, ಕಲಬುರಗಿ